ಹಾಸನದಿಂದ ಒರ್ಲಾಂಡೊಗೆ ಹೊರಟಿದ್ದೀರಾ? ನಡುಹಗಲು ಬಿಟ್ಟು ಪ್ಲಾನ್ ಮಾಡಿ

ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನ ನಾಲ್ಕು ಗೆರೆ ಇವೆ. 97, 102, 112, 122. ಎಲ್ಲ ಸೆಂಟಿಮೀಟರ್ ಲೆಕ್ಕ. ಒರ್ಲಾಂಡೊ ಅಂದರೆ ಅಮೆರಿಕದ ಫ್ಲೋರಿಡಾದಲ್ಲಿ ಡಿಸ್ನಿ, ಯೂನಿವರ್ಸಲ್‌ನಂಥ ಕಂಪನಿಗಳ ಆಟದ ಪಾರ್ಕುಗಳಿರುವ ಊರು. ಮೊದಲ ಸಲ ಅಲ್ಲಿಗೆ ಹೋಗುವಾಗ ಈ ಗೆರೆಗಳು ಇರಲಿಲ್ಲ. ಮಗಳಿಗೆ ಆಗ 4 ವರ್ಷ. ಊರಲ್ಲೇ ವಿಡಿಯೊ ನೋಡಿ ನೋಡಿ ಆಸೆ ಕಟ್ಟಿಕೊಂಡಿದ್ದ ರೈಡಿನ ಬಾಗಿಲಿಗೆ ಬಂದೆವು. ಅಲ್ಲಿ ನಿಂತಿದ್ದ ಹುಡುಗಿ ಅಳತೆ ಕೋಲು ಹಿಡಿದಳು. ಮಗಳ ತಲೆ ಕೋಲಿನ ಕೆಳಗೆ ಸಲೀಸಾಗಿ ನುಸುಳಿತು. ರೈಡಿಗೆ ಬೇಕಾದ ಎತ್ತರಕ್ಕೆ 3 ಸೆಂಟಿಮೀಟರ್ ಕಡಿಮೆ. ಅಣ್ಣ ಒಳಗೆ ಹೋದ, ಇವಳು ಹೊರಗೆ ಉಳಿದಳು. ಐಸ್‌ಕ್ರೀಮ್ ಕೊಡಿಸಿದರೂ ಅಳು ನಿಲ್ಲಲಿಲ್ಲ.

ನನ್ನ ತಮ್ಮ ಅಟ್ಲಾಂಟಾದಲ್ಲಿದ್ದಾನೆ. ಹಾಗಾಗಿ ನಮಗೆ ಒರ್ಲಾಂಡೊ ನೋಡುವ ಅವಕಾಶ ಎರಡು ಸಲ ಸಿಕ್ಕಿತು. ಮೊದಲ ಸಲ ಜುಲೈನಲ್ಲಿ, ಯಾರೋ ಮಾಡಿಕೊಟ್ಟ ಪ್ಯಾಕೇಜಿನಲ್ಲಿ ಹೋದೆವು. 4 ದಿನಕ್ಕೆ 4 ಪಾರ್ಕ್, ನಡುವೆ ಒಂದು ದಿನವೂ ಬಿಡುವಿಲ್ಲ. ಮೂರನೇ ದಿನಕ್ಕೆ ಅತ್ತೆಯ ಪಾದದಲ್ಲಿ ಬೊಬ್ಬೆ ಎದ್ದಿತ್ತು. ಮಗ ವಾಂತಿ ಮಾಡಿಕೊಂಡ. ಎರಡನೇ ಸಲ ಮೇ ತಿಂಗಳಲ್ಲಿ, ನಾವೇ ಕೂತು ಪ್ಲಾನ್ ಮಾಡಿ ಹೋದೆವು. ಅದೇ ಊರು, ಅದೇ ಪಾರ್ಕು. ಆದರೆ ಅತ್ತೆ ಈಗ "ಇನ್ನೊಂದ್ ಸಲ ಹೋಗೋಣ ಕಣೇ" ಅನ್ನುತ್ತಾರೆ. ಎರಡು ಪ್ರವಾಸಗಳ ನಡುವೆ ಏನು ಬದಲಾಯಿತು ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ. ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ, ಮೊಮ್ಮಕ್ಕಳ ಜೊತೆ ಸುತ್ತಾಡಲು ಹೋಗುವವರು ನಮ್ಮ ಹಾಸನ, ಚಿಕ್ಕಮಗಳೂರಿನಲ್ಲಿ ತುಂಬಾ ಜನ ಇದ್ದೀರಿ. ನಿಮಗೆ ಉಪಯೋಗಕ್ಕೆ ಬರಲಿ.

ಮೊದಲು ಬಿಸಿಲಿನ ಲೆಕ್ಕ

ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ ಬೆಳೆದವರು. ಹಾಸನವನ್ನು ಬಡವರ ಊಟಿ ಅಂತ ಸುಮ್ನೆ ಕರೆದಿಲ್ಲ. ಏಪ್ರಿಲ್ ಬಿಸಿಲಿಗೂ ಸಂಜೆ ತಂಗಾಳಿ ಬರುತ್ತದೆ, ಅಲ್ವಾ? ಒರ್ಲಾಂಡೊ ಹಾಗಲ್ಲ. ಅದು ಸಮುದ್ರಮಟ್ಟಕ್ಕಿಂತ ಸುಮಾರು 30 ಮೀಟರ್ ಮೇಲಿದೆ ಅಷ್ಟೆ. ಸುತ್ತ ಕೆರೆ, ಜೌಗು. ಬೇಸಿಗೆಯಲ್ಲಿ 33 ಡಿಗ್ರಿ ಅಂದರೆ ಕೇಳಲು ದೊಡ್ಡದಲ್ಲ. ಆದರೆ ಆ ಸೆಕೆ ಮಂಗಳೂರಿನ ಮೇ ತಿಂಗಳ ಸೆಕೆ. ಬೆವರು ಆರುವುದೇ ಇಲ್ಲ.

ಮಳೆಯೂ ನಮ್ಮ ಮಳೆಯಲ್ಲ. ಸಕಲೇಶಪುರದ ಮಳೆ ಹಿಡಿದರೆ ವಾರಗಟ್ಟಲೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಗುಡುಗು ಮಿಂಚಿನ ಜೊತೆ ಸುರಿದು, ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ನಿಲ್ಲುತ್ತದೆ. ಮಿಂಚು ಹತ್ತಿರ ಬಂದರೆ ಹೊರಗಿನ ರೈಡುಗಳನ್ನೆಲ್ಲ ನಿಲ್ಲಿಸುತ್ತಾರೆ. ಜನ ಎಲ್ಲ ಒಳಗಿನ ರೈಡುಗಳಿಗೆ ನುಗ್ಗುತ್ತಾರೆ, ಅಲ್ಲಿ ಸಾಲು ಬೆಳೆಯುತ್ತದೆ.

ಹಾಗಾದರೆ ಏನು ಮಾಡಬೇಕು? ನಮ್ಮ ಗದ್ದೆ ಕೆಲಸದವರು ಮಾಡುವುದನ್ನೇ ಮಾಡಬೇಕು. ಬೆಳಕು ಹರಿಯುವಾಗ ಇಳಿಯುತ್ತಾರೆ. ಬಿಸಿಲು ನೆತ್ತಿಗೆ ಬಂದಾಗ ಬದುವಿನ ಮರದಡಿ ಕೂತು ಬುತ್ತಿ ಬಿಚ್ಚುತ್ತಾರೆ. ಇಳಿಹೊತ್ತಿಗೆ ಮತ್ತೆ ಕೆಲಸ. ಪಾರ್ಕಿಗೂ ಇದೇ ಲೆಕ್ಕ. ಬೆಳಿಗ್ಗೆ ಒಂದು ಪಾಲು, ಸಂಜೆ ಒಂದು ಪಾಲು, ನಡುಹಗಲು ನೆರಳಿಗೆ. ಈ ಒಂದು ತೀರ್ಮಾನ ಮೊದಲೇ ಮಾಡಿಕೊಂಡರೆ ಎಲ್ಲಿ ಇಳಿದುಕೊಳ್ಳಬೇಕು, ಎಷ್ಟು ದಿನ ಬೇಕು, ಯಾವ ಟಿಕೆಟ್ ತಗೋಬೇಕು ಅನ್ನುವುದೆಲ್ಲ ತಾನಾಗಿ ಗೊತ್ತಾಗುತ್ತದೆ.

ತಿಂಗಳು ಆರಿಸುವುದು

ಅಮೆರಿಕದವರು ಬರೆದ ಸಲಹೆಗಳಲ್ಲಿ ಜನವರಿ ಕೊನೆ, ಫೆಬ್ರವರಿ ಮೊದಲ ವಾರ, ಸೆಪ್ಟೆಂಬರ್ ಒಳ್ಳೆಯದು ಅಂತ ಇರುತ್ತದೆ. ಜನ ಕಡಿಮೆ, ನಿಜ. ಆದರೆ ನಮಗೆ ಅದು ಹೊಂದುವುದಿಲ್ಲ. ಮಕ್ಕಳಿಗೆ ಶಾಲೆ ಇರುತ್ತದೆ. ಕಾಫಿ ತೋಟದವರಿಗೆ ಜನವರಿ, ಫೆಬ್ರವರಿ ಕೊಯ್ಲಿನ ಹೊತ್ತು, ಕಣ ಬಿಟ್ಟು ಹೊರಡಲು ಆಗುವುದಿಲ್ಲ.

ನನ್ನ ಪ್ರಕಾರ ನಮ್ಮ ಕಡೆಯವರಿಗೆ ಸರಿಯಾದ ಕಾಲ ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದವರೆಗೆ. ನಮ್ಮ ಶಾಲೆಗಳಿಗೆ ಆಗ ಬೇಸಿಗೆ ರಜೆ. ಕಾಫಿ ಕೊಯ್ಲು ಮುಗಿದು ಹೂಮಳೆಯೂ ಆಗಿರುತ್ತದೆ. ಅಲ್ಲಿ ಈಸ್ಟರ್ ಮತ್ತು ವಸಂತ ರಜೆಯ ಗದ್ದಲ ಇಳಿದಿರುತ್ತದೆ. ಅಲ್ಲಿನ ಶಾಲೆಗಳ ಬೇಸಿಗೆ ರಜೆ ಇನ್ನೂ ಶುರುವಾಗಿರುವುದಿಲ್ಲ. ದಿನಾ ಮಧ್ಯಾಹ್ನದ ಮಳೆಯ ಕಾಲವೂ ಬಂದಿರುವುದಿಲ್ಲ. ಮೇ ಕೊನೆಯ ಸೋಮವಾರ ಅವರಿಗೆ ಮೆಮೋರಿಯಲ್ ಡೇ ರಜೆ. ಆ ವಾರಾಂತ್ಯಕ್ಕೆ ಮೊದಲೇ ಪಾರ್ಕುಗಳನ್ನು ಮುಗಿಸಿಬಿಡಿ.

ದಸರಾ ರಜೆಯಲ್ಲಿ ಹೋಗುವುದಾದರೆ ಒಂದು ಮಾತು ನೆನಪಿರಲಿ. ಚಂಡಮಾರುತದ ಕಾಲ ಅಂತ ಅವರು ಲೆಕ್ಕ ಹಾಕುವುದು ಜೂನ್ 1ರಿಂದ ನವೆಂಬರ್ 30. ಅಕ್ಟೋಬರ್ ಅದರೊಳಗೇ ಬರುತ್ತದೆ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಕೊಡುವ ರೂಮನ್ನೇ ಬುಕ್ ಮಾಡಿ. ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ವಾರ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಇವೆರಡನ್ನೂ ದೂರವಿಡಿ. ಜನವೂ ಜಾಸ್ತಿ, ದರವೂ ಜಾಸ್ತಿ.

ಪಾಸ್‌ಪೋರ್ಟ್, ವೀಸಾ

ಇದನ್ನು ಒಂದು ವರ್ಷ ಮೊದಲೇ ಶುರು ಮಾಡಿ. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಾಗಿಲ್ಲ, ಹಾಸನದಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಮಾತ್ರ. ಹಳೆಯದು ಇದ್ದರೆ ತಾರೀಖು ತೆಗೆದು ನೋಡಿ.

ವೀಸಾ ಹಸುಗೂಸಿಗೂ ಬೇಕು. ಪ್ರವಾಸಕ್ಕೆ ಬಿ1/ಬಿ2 ವೀಸಾ. ಡಿಎಸ್-160 ಅನ್ನುವ ಫಾರಂ ಆನ್‌ಲೈನಲ್ಲಿ ತುಂಬಬೇಕು. ಅರ್ಜಿ ಶುಲ್ಕ ತಲಾ 185 ಡಾಲರ್, ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಆದರೆ ಆಗ ವೀಸಾ ಕೆಲಸ ಶುರುವಾಗಿರಲಿಲ್ಲ. ಅರ್ಜಿ ಹಾಕುವಾಗ ಊರುಗಳ ಪಟ್ಟಿಯಲ್ಲಿ ಬೆಂಗಳೂರು ಇದೆಯಾ ನೋಡಿ. ಇಲ್ಲದಿದ್ದರೆ ಚೆನ್ನೈ ಅಥವಾ ಹೈದರಾಬಾದ್. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ ಬರಬಹುದು. ಹಿರಿಯರು ಜೊತೆಗಿದ್ದರೆ ಅಲ್ಲೇ ಒಂದು ರಾತ್ರಿ ತಂಗುವ ವ್ಯವಸ್ಥೆ ಮಾಡಿಕೊಳ್ಳಿ.

ಸಂದರ್ಶನದಲ್ಲಿ ಮುಖ್ಯವಾಗಿ ತಿಳಿಯಬಯಸುವುದು ಒಂದೇ. ನೀವು ವಾಪಸ್ ಬರುತ್ತೀರಾ? ಪಹಣಿ, ಆದಾಯ ತೆರಿಗೆ ರಿಟರ್ನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ನೌಕರಿಯಲ್ಲಿರುವವರಾದರೆ ರಜೆ ಪತ್ರ, ಎಲ್ಲ ಒಂದು ಫೈಲಿನಲ್ಲಿರಲಿ. ಕೇಳಿದ್ದಕ್ಕೆ ಚಿಕ್ಕದಾಗಿ, ನಿಜ ಹೇಳಿ. ವೀಸಾ ಕೈಗೆ ಬರುವ ತನಕ ದುಡ್ಡು ವಾಪಸ್ ಬರದ ಯಾವ ಟಿಕೆಟ್ಟನ್ನೂ ಕೊಳ್ಳಬೇಡಿ. ಈ ಮಾತು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹೋಗುವ ದಾರಿ

ಭಾರತದಿಂದ ಒರ್ಲಾಂಡೊಗೆ ನೇರ ವಿಮಾನ ಇಲ್ಲ. ಬೆಂಗಳೂರಿನಿಂದ ಹೋಗುವವರಿಗೆ ಸಲೀಸಾದ ದಾರಿ ದುಬೈ ಮೇಲೆ. ದುಬೈವರೆಗೆ ಸುಮಾರು 4 ಗಂಟೆ, ಅಲ್ಲಿಂದ ಎಮಿರೇಟ್ಸ್ ವಿಮಾನ ಒರ್ಲಾಂಡೊಗೇ ಹೋಗುತ್ತದೆ, ಸುಮಾರು 16 ಗಂಟೆ. ನ್ಯೂಯಾರ್ಕ್‌ನಂಥ ಊರಲ್ಲಿ ಇಳಿದು ಹೋಗುವ ಟಿಕೆಟ್ ಅಗ್ಗ ಸಿಗಬಹುದು. ಆದರೆ ಅಮೆರಿಕದಲ್ಲಿ ಮೊದಲು ಕಾಲಿಟ್ಟ ಊರಲ್ಲೇ ಇಮಿಗ್ರೇಶನ್ ಆಗುತ್ತದೆ. ಲಗೇಜನ್ನು ಅಲ್ಲೇ ಇಳಿಸಿಕೊಂಡು ಮತ್ತೆ ಹಾಕಬೇಕು. ಅಲ್ಲಿ ಕನಿಷ್ಠ 3 ಗಂಟೆ ಅಂತರ ಇಟ್ಟುಕೊಳ್ಳಿ. ಹಿರಿಯರಿಗೆ ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿದರೆ ಸಾಕು, ಅದಕ್ಕೆ ದುಡ್ಡಿಲ್ಲ.

ಟಿಕೆಟ್ಟಿನ ಜೊತೆಗೇ ಪ್ರವಾಸದ ಇನ್ಶೂರೆನ್ಸ್ ಮಾಡಿಸಿ. ಅಲ್ಲಿ ಆಸ್ಪತ್ರೆ ಬಿಲ್ಲು ನಮ್ಮ ಊಹೆಗೆ ನಿಲುಕುವುದಿಲ್ಲ. ಬಿಪಿ, ಶುಗರ್ ಇರುವವರು ಮೊದಲೇ ಇರುವ ಕಾಯಿಲೆಗೂ ಅನ್ವಯಿಸುತ್ತದೆಯಾ ಅಂತ ಕೇಳಿ ಬರೆಸಿಕೊಳ್ಳಿ. ಇಡೀ ಪ್ರವಾಸವನ್ನು ಪ್ಯಾಕೇಜಾಗಿ ಕೊಂಡರೆ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ. ಆ ರಸೀದಿ ಇಟ್ಟುಕೊಳ್ಳಿ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಎಲ್ಲಿ ಇಳಿದುಕೊಳ್ಳುವುದು

ಮೊದಲ ಸಲ ನಾವಿದ್ದ ಹೋಟೆಲ್ ಪಾರ್ಕಿನಿಂದ ದೂರ ಇತ್ತು. ಮಧ್ಯಾಹ್ನ ವಾಪಸ್ ಬರುವ ಮಾತೇ ಇಲ್ಲ. ಐ-4 ಅನ್ನುವ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಹೋಗಿ ಬರುವುದೇ ಒಂದು ಕೆಲಸ. ಹಾಗಾಗಿ ನಡುಹಗಲು ನೆರಳಿಗೆ ಬರಬೇಕು ಅಂದರೆ ಮನೆ ಹತ್ತಿರ ಇರಬೇಕು.

ಎರಡು ದಾರಿ ಇವೆ. ಒಂದು, ಡಿಸ್ನಿ ಅಥವಾ ಯೂನಿವರ್ಸಲ್ ಅವರದೇ ಹೋಟೆಲ್. ದುಬಾರಿ, ಆದರೆ ಬಸ್ಸು, ದೋಣಿ, ಮೋನೊರೈಲು ಬಾಗಿಲಿಗೆ ಬರುತ್ತದೆ, ಕಾರು ಬೇಡ. ಡಿಸ್ನಿ ಹೋಟೆಲಿನಲ್ಲಿ ಇರುವವರನ್ನು ಪಾರ್ಕಿಗೆ ಅರ್ಧ ಗಂಟೆ ಮೊದಲೇ ಬಿಡುತ್ತಾರೆ. ಆ ಅರ್ಧ ಗಂಟೆ ಚಿನ್ನ. ಇನ್ನೊಂದು, ಪಕ್ಕದ ಊರು ಕಿಸಿಮ್ಮಿ ಕಡೆ ಬಾಡಿಗೆ ಮನೆ. ಮೂರ್ನಾಲ್ಕು ರೂಮು, ಅಡುಗೆಮನೆ, ಬಟ್ಟೆ ಒಗೆಯುವ ಮೆಷಿನ್, ಎಷ್ಟೋ ಮನೆಗಳಲ್ಲಿ ಈಜುಕೊಳ ಕೂಡ. ಎರಡು ಸಂಸಾರ ಸೇರಿ ಹೋದರೆ, ಮನೆಯಲ್ಲಿ ಅನ್ನ ಸಾರು ಬೇಕೇ ಬೇಕು ಅನ್ನುವ ಹಿರಿಯರಿದ್ದರೆ, ನಾನು ಕಣ್ಣುಮುಚ್ಚಿ ಮನೆ ಅನ್ನುತ್ತೇನೆ. ಆದರೆ ಆಗ ಕಾರು ಬೇಕು. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು, ನಮ್ಮ ಲೈಸೆನ್ಸನ್ನೂ ಒಯ್ಯಿರಿ. 5 ವರ್ಷದವರೆಗಿನ ಮಕ್ಕಳಿಗೆ ಫ್ಲೋರಿಡಾದಲ್ಲಿ ಮಕ್ಕಳ ಸೀಟು ಕಡ್ಡಾಯ. ಮಡಿಲಲ್ಲಿ ಕೂರಿಸಿಕೊಂಡು ಹೋಗುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಯಾವ ಪಾರ್ಕು, ಎಷ್ಟು ದಿನ

ಡಿಸ್ನಿ ವರ್ಲ್ಡ್ ಅಂದರೆ ಒಂದು ಪಾರ್ಕಲ್ಲ, ನಾಲ್ಕು. 1971ರ ಅಕ್ಟೋಬರ್ 1ರಂದು ತೆರೆದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್. ಯೂನಿವರ್ಸಲ್ ಬೇರೆ ಕಂಪನಿ. ಅವರದು 1990ರ ಯೂನಿವರ್ಸಲ್ ಸ್ಟುಡಿಯೋಸ್, 1999ರ ಐಲ್ಯಾಂಡ್ಸ್ ಆಫ್ ಅಡ್ವೆಂಚರ್, ಮತ್ತು 2025ರ ಮೇ ತಿಂಗಳಲ್ಲಿ ತೆರೆದ ಎಪಿಕ್ ಯೂನಿವರ್ಸ್. ಇದಲ್ಲದೆ ಸೀವರ್ಲ್ಡ್, ನೀರಿನ ಪಾರ್ಕುಗಳು, ಮುಕ್ಕಾಲು ಗಂಟೆ ದೂರದ ವಿಂಟರ್ ಹೇವನ್‌ನಲ್ಲಿ ಲೆಗೊಲ್ಯಾಂಡ್. ಎಲ್ಲ ನೋಡುತ್ತೇವೆ ಅಂತ ಹೊರಡಬೇಡಿ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ಹೋಗುವ ಬಸ್ಸಿನವರನ್ನು ನಾವು ದಿನಾ ನೋಡುತ್ತೇವೆ. ಬೇಲೂರಿನ ಮದನಿಕೆಯರ ಮುಖವನ್ನು ಅವರು ನೋಡಿರುವುದಿಲ್ಲ.

ಮನೆಯಲ್ಲಿ 8 ವರ್ಷದೊಳಗಿನ ಮಕ್ಕಳಿದ್ದರೆ ಮ್ಯಾಜಿಕ್ ಕಿಂಗ್‌ಡಮ್‌ಗೆ 2 ದಿನ ಕೊಡಿ. ಎತ್ತರದ ತಕರಾರಿಲ್ಲದೆ ಎಲ್ಲರೂ ಒಟ್ಟಿಗೆ ಕೂರುವ ರೈಡುಗಳು ಅಲ್ಲಿ ತುಂಬಾ ಇವೆ. 12 ದಾಟಿದ ಮಕ್ಕಳಿಗೆ ಯೂನಿವರ್ಸಲ್ ಜಾಸ್ತಿ ಹಿಡಿಸುತ್ತದೆ. ಹಿರಿಯರಿಗೆ ಎಪ್ಕಾಟ್. ಅಲ್ಲಿ ಒಂದು ಕೆರೆಯ ಸುತ್ತ 11 ದೇಶಗಳ ಅಂಗಳ ಕಟ್ಟಿದ್ದಾರೆ, ಸುತ್ತು ಹಾಕಿದರೆ ಸುಮಾರು 2 ಕಿಲೋಮೀಟರ್. ಸಂಜೆ ಹೋಗಿ ನಿಧಾನವಾಗಿ ನಡೆಯಿರಿ. ಅತ್ತೆಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಜಪಾನ್ ಅಂಗಳದ ಕಲ್ಲು, ನೀರು, ಗಿಡಗಳ ತೋಟ. ಅನಿಮಲ್ ಕಿಂಗ್‌ಡಮ್‌ಗೆ ಬೆಳಿಗ್ಗೆ ಬೇಗ ಹೋಗಿ, ಪ್ರಾಣಿಗಳು ಆಗ ಚುರುಕಾಗಿರುತ್ತವೆ. ಭದ್ರಾ, ನಾಗರಹೊಳೆ ಸುತ್ತಿದವರಿಗೂ ಜಿರಾಫೆ, ಆಫ್ರಿಕದ ಆನೆ ಹೊಸದೇ.

ನಾವು ಎರಡನೇ ಸಲ 9 ದಿನ ಇದ್ದೆವು. ಪಾರ್ಕಿಗೆ ಹೋಗಿದ್ದು 5 ದಿನ. ಬಂದಿಳಿದ ಮರುದಿನ ಏನೂ ಇಟ್ಟುಕೊಳ್ಳಲಿಲ್ಲ. ಅಲ್ಲಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ. ಮಕ್ಕಳು ರಾತ್ರಿ 2 ಗಂಟೆಗೆ ಎದ್ದು ಕೂರುತ್ತಾರೆ. ಆಮೇಲೆ ಎರಡು ದಿನ ಪಾರ್ಕು, ಒಂದು ದಿನ ಬಿಡುವು. ಮತ್ತೆ ಎರಡು, ಮತ್ತೆ ಬಿಡುವು. ಕೊನೆಗೆ ಒಂದು. ದಿನಕ್ಕೆ 10 ಕಿಲೋಮೀಟರಿಗಿಂತ ಜಾಸ್ತಿ ನಡೆಯುವುದು ಅಲ್ಲಿ ಮಾಮೂಲು. ಮೊದಲ ಪ್ರವಾಸದಲ್ಲಿ ಅತ್ತೆ ಹೇಳಿದ್ದು ಸರಿಯಾಗಿತ್ತು: "ಇಷ್ಟು ನಡೆಯೋದಾಗಿದ್ರೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗಬಹುದಿತ್ತಲ್ಲೇ."

ಟಿಕೆಟ್ಟು ಮತ್ತು ಸಾಲು

ಡಿಸ್ನಿ ಟಿಕೆಟ್ ದರ ತಾರೀಖಿನ ಮೇಲೆ ಬದಲಾಗುತ್ತದೆ. ಒಂದು ದಿನಕ್ಕೆ, ಒಂದು ಪಾರ್ಕಿಗೆ, ತಲಾ ಸುಮಾರು 120ರಿಂದ 200 ಡಾಲರ್, ಮೇಲೆ ತೆರಿಗೆ. 3 ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. 10 ವರ್ಷ ಆಯಿತೆಂದರೆ ದೊಡ್ಡವರ ಟಿಕೆಟ್. ಒಟ್ಟಿಗೆ ಹೆಚ್ಚು ದಿನಕ್ಕೆ ಕೊಂಡರೆ ದಿನದ ಲೆಕ್ಕ ಇಳಿಯುತ್ತದೆ. ಒಂದೇ ದಿನ ಎರಡು ಪಾರ್ಕಿಗೆ ಹೋಗುವ ಪಾರ್ಕ್ ಹಾಪರ್ ಟಿಕೆಟ್ ನಮ್ಮಂಥವರಿಗೆ ಬೇಡ, ಅದರ ದುಡ್ಡನ್ನು ಊಟಕ್ಕೆ ಇಡಿ.

ಟಿಕೆಟ್ಟನ್ನು ಪಾರ್ಕಿನ ಸ್ವಂತ ವೆಬ್‌ಸೈಟ್ ಅಥವಾ ಆ್ಯಪಿನಲ್ಲೇ ಕೊಳ್ಳಿ. ರಸ್ತೆ ಬದಿಯ ಅಂಗಡಿಗಳಲ್ಲಿ ಅರ್ಧ ದರಕ್ಕೆ, ಪುಕ್ಕಟೆಗೆ ಅನ್ನುವ ಬೋರ್ಡು ಇರುತ್ತವೆ. ಕೆಲವರು ಟೈಮ್‌ಶೇರ್ ಮನೆ, ಅಂದರೆ ವರ್ಷಕ್ಕೆ ಕೆಲವು ದಿನ ಮಾತ್ರ ನಮ್ಮ ಪಾಲಿಗೆ ಬರುವ ಮನೆ, ಮಾರುವ ಭಾಷಣಕ್ಕೆ ಗಂಟೆಗಟ್ಟಲೆ ಕೂರಿಸುತ್ತಾರೆ. ಇನ್ನು ಕೆಲವರು ಉಳಿದ ದಿನಗಳ ಹಳೇ ಟಿಕೆಟ್ ಮಾರುತ್ತಾರೆ. ಒಬ್ಬರು ಬಳಸಿದ ಟಿಕೆಟ್ ಇನ್ನೊಬ್ಬರಿಗೆ ನಡೆಯುವುದಿಲ್ಲ, ಗೇಟಿನಲ್ಲಿ ಬೆರಳು ಇಡಿಸಿ ನೋಡುತ್ತಾರೆ.

ಸಾಲಿನ ವಿಷಯ ಹಾಸನದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಧರ್ಮದರ್ಶನದ ಸಾಲು, 300 ರೂಪಾಯಿ ಸಾಲು, 1000 ರೂಪಾಯಿ ಸಾಲು ನಾವು ನೋಡಿದ್ದೇವೆ. ಅಲ್ಲೂ ಹಾಗೆಯೇ. ಡಿಸ್ನಿಯಲ್ಲಿ ದುಡ್ಡು ಕೊಟ್ಟು ಹೋಗುವ ಬೇಗದ ಸಾಲಿಗೆ ಲೈಟ್ನಿಂಗ್ ಲೇನ್, ಯೂನಿವರ್ಸಲ್‌ನಲ್ಲಿ ಎಕ್ಸ್‌ಪ್ರೆಸ್ ಪಾಸ್. ಲೈಟ್ನಿಂಗ್ ಲೇನನ್ನು ಡಿಸ್ನಿ ಹೋಟೆಲಿನಲ್ಲಿ ಇಳಿದವರು 7 ದಿನ ಮೊದಲು, ಹೊರಗಿನವರು 3 ದಿನ ಮೊದಲು ಆ್ಯಪಿನಲ್ಲಿ ಕಾದಿರಿಸಬಹುದು. ಎಲ್ಲ ದಿನಕ್ಕೂ ಕೊಳ್ಳಬೇಡಿ. ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನಕ್ಕೆ ಮಾತ್ರ ಕೊಂಡೆವು, ಅದು ಸಾಕಾಯಿತು. ಉಳಿದ ದಿನ ಗೇಟು ತೆರೆಯುವ ಮುಕ್ಕಾಲು ಗಂಟೆ ಮೊದಲೇ ಹೋಗಿ ನಿಂತೆವು. ಮೊದಲ ಒಂದೂವರೆ ಗಂಟೆಯಲ್ಲಿ ಮೂರು ದೊಡ್ಡ ರೈಡು ಮುಗಿದವು. ಮಧ್ಯಾಹ್ನವಾದರೆ ಒಂದಕ್ಕೇ ಅಷ್ಟು ಹೊತ್ತು ಬೇಕು.

ಈಗ ಬಾಗಿಲ ಚೌಕಟ್ಟಿನ ಗೆರೆಗಳಿಗೆ ಬರೋಣ. ಹೊರಡುವ ಎರಡು ತಿಂಗಳು ಮೊದಲು ಮಕ್ಕಳನ್ನು ಶೂ ಹಾಕಿಸಿ ಗೋಡೆಗೆ ನಿಲ್ಲಿಸಿ. ಹಿಮ್ಮಡಿ ಗೋಡೆಗೆ ಒತ್ತಿರಲಿ, ತಲೆ ಮೇಲೆ ಪುಸ್ತಕ ಇಟ್ಟು ಗೆರೆ ಎಳೆಯಿರಿ. ಹೆಚ್ಚಿನ ರೈಡುಗಳ ಮಿತಿ 97, 102, 112, 122 ಸೆಂಟಿಮೀಟರಿಗೆ ಬರುತ್ತದೆ. ಯೂನಿವರ್ಸಲ್‌ನ ಒಂದೆರಡು ದೊಡ್ಡ ರೋಲರ್ ಕೋಸ್ಟರಿಗೆ 130, 137 ಬೇಕು. ಯಾವ ರೈಡಿಗೆ ಎಷ್ಟು ಅನ್ನುವುದು ಅವರ ಆ್ಯಪಿನಲ್ಲಿದೆ. ಮಗುವಿಗೆ ಆಗುವ ರೈಡುಗಳ ಪಟ್ಟಿಯನ್ನು ಮಗುವಿನ ಕೈಯಲ್ಲೇ ಬರೆಸಿ. ಎರಡನೇ ಸಲ ಮಗಳು ತನ್ನ ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಓಡಾಡಿದಳು. ಆಗದ ರೈಡಿನ ಹೆಸರೇ ಅವಳಿಗೆ ಗೊತ್ತಿರಲಿಲ್ಲ.

ಇನ್ನೊಂದು ಅನುಕೂಲ ತುಂಬಾ ಜನರಿಗೆ ತಿಳಿದಿರುವುದಿಲ್ಲ. ಚಿಕ್ಕ ಮಗುವಿಗೆ ಆಗದ ರೈಡಿಗೆ ಅಪ್ಪ ಹೋಗಿಬಂದ ಮೇಲೆ, ಅಮ್ಮ ಮತ್ತೆ ಪೂರ್ತಿ ಸಾಲು ನಿಲ್ಲದೆ ಹೋಗಬಹುದು. ಇದಕ್ಕೆ ರೈಡರ್ ಸ್ವಿಚ್ ಅನ್ನುತ್ತಾರೆ, ಯೂನಿವರ್ಸಲ್‌ನಲ್ಲಿ ಚೈಲ್ಡ್ ಸ್ವಾಪ್. ರೈಡಿನ ಬಾಗಿಲಲ್ಲಿ ಇರುವವರಿಗೆ ಹೇಳಿದರೆ ಆಯಿತು, ದುಡ್ಡಿಲ್ಲ.

ಪಾರ್ಕಿನ ಒಂದು ದಿನ

ಬೆಳಿಗ್ಗೆ 6ಕ್ಕೆ ಎದ್ದು ತಿಂಡಿ ತಿಂದೇ ಹೊರಡಿ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಲ್ಲಿ ಹೋದರೆ ಪಾರ್ಕಿಂಗಿನಿಂದ ಗೇಟಿಗೆ ಮೋನೊರೈಲು ಅಥವಾ ದೋಣಿ ಹಿಡಿಯಬೇಕು, ಅದಕ್ಕೇ ಅರ್ಧ ಮುಕ್ಕಾಲು ಗಂಟೆ. ಪಾರ್ಕಿಂಗಿಗೆ ದಿನಕ್ಕೆ ಸುಮಾರು 30ರಿಂದ 35 ಡಾಲರ್. ಮಧ್ಯಾಹ್ನ ಹೊರಗೆ ಹೋಗಿ ಸಂಜೆ ಬಂದರೆ ಅದೇ ರಸೀದಿ ನಡೆಯುತ್ತದೆ, ಜೋಪಾನ ಮಾಡಿ.

12 ಗಂಟೆ ಹೊತ್ತಿಗೆ ಹೊರಡಬೇಕು. ಇದು ಕಷ್ಟದ ಕೆಲಸ. ಇಷ್ಟು ದುಡ್ಡು ಕೊಟ್ಟಿದ್ದೇವೆ, ಈಗಲೇ ಯಾಕೆ ಅನ್ನಿಸುತ್ತದೆ. ಮಕ್ಕಳು ಕಾಲು ಕಿತ್ತಿಡುವುದಿಲ್ಲ. ಆದರೂ ಹೊರಡಿ. ಮನೆಗೆ ಬಂದು ಮೊಸರನ್ನ ತಿಂದು ಮಲಗಿ. ಕೊಳಕ್ಕೆ ಬೀಳುವವರು ಬೀಳಲಿ. 5 ಗಂಟೆಗೆ ಮತ್ತೆ ಪಾರ್ಕಿಗೆ. ಅಷ್ಟರಲ್ಲಿ ಬೆಳಿಗ್ಗೆಯಿಂದ ಇದ್ದವರು ಸುಸ್ತಾಗಿ ಹೊರಡುತ್ತಿರುತ್ತಾರೆ. ನಿಮ್ಮ ಮಕ್ಕಳ ಮುಖ ಮಾತ್ರ ಆಗ ತಾನೇ ಎದ್ದ ಮುಖ. ರಾತ್ರಿ ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯ ಹಿಂದೆ ಪಟಾಕಿ ಬಿಡುತ್ತಾರೆ. ಮೊದಲ ಪ್ರವಾಸದಲ್ಲಿ ಮಗಳು ಅದರ ಸದ್ದಿಗೂ ಏಳದೆ ಅಪ್ಪನ ಹೆಗಲ ಮೇಲೆ ಮಲಗಿದ್ದಳು. ಎರಡನೇ ಸಲ ಅಜ್ಜಿಯ ತೊಡೆ ಮೇಲೆ ಕೂತು, ಒಂದೊಂದಕ್ಕೂ ಕೈ ತಟ್ಟಿದಳು.

ಅಜ್ಜಿ ಕೂತಿದ್ದು ಬಾಡಿಗೆ ವೀಲ್‌ಚೇರಿನಲ್ಲಿ. ಗೇಟಿನ ಹತ್ತಿರವೇ ಸಿಗುತ್ತದೆ, ಮೊದಲು ಬಂದವರಿಗೆ ಮೊದಲು. ಅತ್ತೆ ಮೊದಲ ದಿನ ಒಪ್ಪಲಿಲ್ಲ. "ನಾನೇನು ಕಾಲಿಲ್ಲದೋಳಾ?" ಅಂದರು. "ಅತ್ತೆ, ಬ್ಯಾಗ್ ಇಡೋಕೆ ಇರಲಿ, ಬೇಕಾದಾಗ ಕೂತ್ಕೊಳ್ಳಿ" ಅಂದೆ. 11 ಗಂಟೆಗೆ ತಾವೇ ಕೂತರು. ನಿಮ್ಮ ಮನೆಯ ಹಿರಿಯರಿಗೂ ಹೀಗೇ ಹೇಳಿ ನೋಡಿ.

ಬ್ಯಾಗಿನಲ್ಲಿ ಇರಬೇಕಾದದ್ದು: ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ನೀರಿನ ಬಾಟಲಿ, ತಲಾ ಒಂದು ತೆಳು ರೈನ್‌ಕೋಟು, ಒಆರ್‌ಎಸ್ ಪೊಟ್ಟಣ, ಫೋನಿಗೆ ಪವರ್‌ಬ್ಯಾಂಕ್. ಹಿರಿಯರಿಗೆ ಒಂದು ತೆಳು ಶಾಲು, ಯಾಕೆಂದರೆ ಒಳಗಿನ ಎಸಿ ಹಲ್ಲು ಕಡಿಸುವಷ್ಟು ತಣ್ಣಗಿರುತ್ತದೆ. ಶೂ ಹೊಸದು ಬೇಡ. ತಿಂಗಳು ಮೊದಲೇ ಕೊಂಡು, ಹಾಸನದವರಾದರೆ ಮಹಾರಾಜ ಪಾರ್ಕಿನಲ್ಲಿ, ಚಿಕ್ಕಮಗಳೂರಿನವರಾದರೆ ಜಿಲ್ಲಾ ಕ್ರೀಡಾಂಗಣದಲ್ಲಿ ದಿನಾ ಒಂದು ಗಂಟೆ ಅದೇ ಶೂನಲ್ಲಿ ನಡೆಯಿರಿ. ಅತ್ತೆ ಎರಡನೇ ಸಲ ಹಾಗೆ ಮಾಡಿದರು, ಬೊಬ್ಬೆ ಬರಲಿಲ್ಲ.

ಊಟ, ಮತ್ತು ಕರಿಬೇವಿನ ವಿಷಯ

ಡಿಸ್ನಿ ಪಾರ್ಕಿನೊಳಗೆ ಮನೆ ಬುತ್ತಿ ಒಯ್ಯಬಹುದು. ಗಾಜಿನ ಡಬ್ಬಿ ಬೇಡ, ಬಿಡಿ ಐಸೂ ಬೇಡ. ಚಪಾತಿ ಸುರುಳಿ, ಚಿತ್ರಾನ್ನ, ಹೆಚ್ಚಿದ ಹಣ್ಣು ಒಯ್ದೆವು. ತಿಂಡಿ ಕೌಂಟರುಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರು ಪುಕ್ಕಟೆ. ಯೂನಿವರ್ಸಲ್‌ನಲ್ಲಿ ಊಟದ ಡಬ್ಬಿ ಬಿಡುವುದಿಲ್ಲ. ನೀರು, ಸಣ್ಣಪುಟ್ಟ ತಿಂಡಿ, ಮಗುವಿನ ಆಹಾರ ಮಾತ್ರ. ಮೊಟ್ಟೆಯನ್ನೂ ತಿನ್ನದವರು ಡಿಸ್ನಿ ಮೆನುವಿನಲ್ಲಿ ಎಲೆಯ ಗುರುತು ಹುಡುಕಿ, ಅದು ಪೂರ್ತಿ ಸಸ್ಯದ್ದು. ಹೋಟೆಲಿನಲ್ಲಿ ಕೂತು ಊಟ ಮಾಡಿದರೆ ಬಿಲ್ಲಿನ ಮೇಲೆ 15ರಿಂದ 20 ಶೇಕಡಾ ಟಿಪ್ಸ್ ಕೊಡುವುದು ಅಲ್ಲಿನ ಪದ್ಧತಿ, ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ. ಅಕ್ಕಿ, ತೊಗರಿಬೇಳೆ, ರಾಗಿಹಿಟ್ಟಿಗೆ ಒರ್ಲಾಂಡೊದಲ್ಲೇ ಇಂಡಿಯನ್ ಗ್ರಾಸರಿ ಅಂಗಡಿಗಳಿವೆ. ಊರಿಂದ ಹೊರಬೇಡಿ.

ಊರಿಂದ ಒಯ್ಯಬೇಕಾದದ್ದು ಕಾಫಿಪುಡಿ ಮತ್ತು ಫಿಲ್ಟರು. ಹುರಿದ ಕಾಫಿಗೆ ಅಡ್ಡಿಯಿಲ್ಲ. ಆದರೆ ಕರಿಬೇವು ಹಸಿಯಾಗಲಿ ಒಣಗಿದ್ದಾಗಲಿ ಒಯ್ಯಬೇಡಿ. ಕಾರಣ ಕೇಳಿದರೆ ನಮ್ಮ ತೋಟದವರಿಗೆ ಥಟ್ಟನೆ ಅರ್ಥವಾಗುತ್ತದೆ. ಫ್ಲೋರಿಡಾ ಕಿತ್ತಳೆಯ ನಾಡು. ಕಿತ್ತಳೆ ಗಿಡವನ್ನು ಸಾಯಿಸುವ ಗ್ರೀನಿಂಗ್ ರೋಗ 2005ರಲ್ಲಿ ಅಲ್ಲಿ ಕಾಣಿಸಿಕೊಂಡು ತೋಟಗಳನ್ನು ನೆಲಕಚ್ಚಿಸಿದೆ. ಕೊಡಗಿನ ಕಿತ್ತಳೆಗೂ ಇದೇ ರೋಗ ಕಾಡಿದೆ. ರೋಗ ಹರಡುವ ಸಣ್ಣ ಕೀಟ ಕರಿಬೇವಿನ ಗಿಡದ ಮೇಲೂ ಬದುಕುತ್ತದೆ. ಚಟ್ನಿಪುಡಿಯನ್ನು ಕರಿಬೇವು ಹಾಕದೆ ಮಾಡಿಕೊಂಡು ಹೋಗಿ. ಹಣ್ಣು, ತರಕಾರಿ, ಬೀಜವೂ ಬೇಡ. ಇರುವ ತಿಂಡಿಯನ್ನೆಲ್ಲ ಕಸ್ಟಮ್ಸ್‌ನಲ್ಲಿ ಬಾಯಿಬಿಟ್ಟು ಹೇಳಿ. ಹೇಳಿದರೆ ಹೆಚ್ಚೆಂದರೆ ತೆಗೆದುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ. ತೋಟ, ಕೊಟ್ಟಿಗೆಗೆ ಹೋಗಿದ್ದೀರಾ ಅಂತಲೂ ಕೇಳಬಹುದು. ಹೌದಾದರೆ ಹೌದು ಅನ್ನಿ. ತೋಟದ ಮಣ್ಣು ಮೆತ್ತಿದ ಶೂ ಚೀಲದಲ್ಲಿ ಇರದಂತೆ ನೋಡಿಕೊಳ್ಳಿ.

ಹಾಸನದವರು ಬಿಡಬಾರದ ಒಂದು ದಿನ

ಒರ್ಲಾಂಡೊದಿಂದ ಪೂರ್ವಕ್ಕೆ ಸುಮಾರು ಒಂದು ಗಂಟೆ ಹೋದರೆ ಕೆನಡಿ ಬಾಹ್ಯಾಕಾಶ ಕೇಂದ್ರ. ಇದು ರೈಡಿನ ಪಾರ್ಕಲ್ಲ. ಆದರೆ ನನ್ನ ಮಗನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಇದೇ ಮೊದಲು ಅನ್ನುತ್ತಾನೆ.

ಹಾಸನದಲ್ಲಿ ಇಸ್ರೋದ ಎಂಸಿಎಫ್ ಇದೆ ಅಂತ ನಮ್ಮ ಮಕ್ಕಳಿಗೆಲ್ಲ ಗೊತ್ತು. ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ. 2024ರ ನವೆಂಬರ್‌ನಲ್ಲಿ ಇಸ್ರೋದ ಜಿಸ್ಯಾಟ್-ಎನ್2 ಉಪಗ್ರಹವನ್ನು ಸ್ಪೇಸ್‌ಎಕ್ಸ್ ಕಂಪನಿಯ ರಾಕೆಟ್ ಹೊತ್ತು ಹಾರಿದ್ದು ಕೆನಡಿ ಕೇಂದ್ರಕ್ಕೆ ಅಂಟಿಕೊಂಡಿರುವ ಕೇಪ್ ಕೆನಾವೆರಲ್‌ನಿಂದ. 4700 ಕಿಲೋ ತೂಕದ್ದು. ರಾಕೆಟ್ಟಿನಿಂದ ಬೇರೆಯಾದ ಮೇಲೆ ಅದನ್ನು ಕೈಗೆ ತೆಗೆದುಕೊಂಡಿದ್ದು ನಮ್ಮ ಹಾಸನದ ಎಂಸಿಎಫ್. 2025ರ ಜೂನ್‌ನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಿದ್ದೂ ಕೆನಡಿ ಕೇಂದ್ರದ 39ಎ ಉಡಾವಣಾ ಕಟ್ಟೆಯಿಂದಲೇ. ಹೋಗುವ ಮೊದಲು ಮಕ್ಕಳಿಗೆ ಇಷ್ಟು ಹೇಳಿ. ಅಲ್ಲಿ ನಿಂತಾಗ ಅವರು ನೋಡುವ ರೀತಿಯೇ ಬೇರೆ ಇರುತ್ತದೆ.

ಒಳಗೆ ಅಟ್ಲಾಂಟಿಸ್ ಬಾಹ್ಯಾಕಾಶ ನೌಕೆ ಇದೆ. 33 ಸಲ ಹಾರಿ, 2011ರ ಜುಲೈನಲ್ಲಿ ಕೊನೆಯದಾಗಿ ಇಳಿದ ನೌಕೆ. ಮಾದರಿಯಲ್ಲ, ನಿಜವಾದದ್ದು. ಒಂದು ಪಕ್ಕಕ್ಕೆ ವಾಲಿಸಿ ಎತ್ತರದಲ್ಲಿ ನಿಲ್ಲಿಸಿದ್ದಾರೆ. ಹೊಟ್ಟೆಯ ಕಪ್ಪು ಹೆಂಚುಗಳು ಒಂದೊಂದೂ ಕಾಣುತ್ತವೆ, ವಾತಾವರಣಕ್ಕೆ ಮರಳಿ ಬರುವಾಗ ಕಾದು ಬಣ್ಣಗೆಟ್ಟ ಕಲೆಗಳೂ ಕಾಣುತ್ತವೆ. ಮಗ ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಟಿಕೆಟ್ಟಿನಲ್ಲೇ ಬಸ್ ಪ್ರವಾಸ ಸೇರಿದೆ. ಮಂದಿಯನ್ನು ಚಂದ್ರನಿಗೆ ಕಳಿಸಿದಂಥದೇ ಸ್ಯಾಟರ್ನ್ 5 ರಾಕೆಟ್ ಇರುವ ಕಟ್ಟಡಕ್ಕೆ ಆ ಬಸ್ಸು ಒಯ್ಯುತ್ತದೆ. 111 ಮೀಟರ್ ಉದ್ದದ ರಾಕೆಟ್ಟನ್ನು ಅಡ್ಡ ಮಲಗಿಸಿದ್ದಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ಬಸ್ಸಿಗೆ ಬೆಳಿಗ್ಗೆಯೇ ಹತ್ತಿ, ಆಮೇಲೆ ಸಾಲು ಬೆಳೆಯುತ್ತದೆ. ಹೆಚ್ಚಿನದೆಲ್ಲ ಎಸಿ ಕಟ್ಟಡದೊಳಗೆ ಇರುವುದರಿಂದ ಇಲ್ಲಿ ಮಾತ್ರ ನಡುಹಗಲ ಚಿಂತೆ ಇಲ್ಲ. ರಾಕೆಟ್ ಹಾರುವ ವೇಳಾಪಟ್ಟಿ ಅವರ ವೆಬ್‌ಸೈಟಿನಲ್ಲಿ ಇರುತ್ತದೆ. ಆದರೆ ಹವಾಮಾನ ನೋಡಿ ಕೊನೆ ಗಳಿಗೆಯಲ್ಲಿ ಮುಂದೂಡುವುದು ಮಾಮೂಲು. ಅದೊಂದನ್ನೇ ನಂಬಿ ದಿನ ಗೊತ್ತು ಮಾಡಬೇಡಿ.

ಬಿಡುವಿನ ದಿನ

ಬಿಡುವು ಅಂದರೆ ರೂಮಿನಲ್ಲಿ ಕೂರುವುದಲ್ಲ. ಅರ್ಧ ಗಂಟೆ ದೂರದಲ್ಲಿ ವೆಕಿವಾ ಸ್ಪ್ರಿಂಗ್ಸ್ ಅನ್ನುವ ಚಿಲುಮೆ ಇದೆ. ನೆಲದಡಿಯಿಂದ ಉಕ್ಕುವ ತಿಳಿನೀರು, ವರ್ಷವಿಡೀ 22 ಡಿಗ್ರಿ. ಕಾರೊಂದಕ್ಕೆ 6 ಡಾಲರ್. ವಾರಾಂತ್ಯದಲ್ಲಿ ಬೆಳಿಗ್ಗೆಯೇ ತುಂಬಿ ಗೇಟು ಮುಚ್ಚುತ್ತಾರೆ, ವಾರದ ದಿನ ಹೋಗಿ. ಊರ ನಡುವಿನ ಲೇಕ್ ಇಯೋಲಾ ಕೆರೆಯಲ್ಲಿ ಹಂಸದ ಆಕಾರದ ದೋಣಿ ಬಾಡಿಗೆಗೆ ಸಿಗುತ್ತದೆ. ಡಿಸ್ನಿ ಸ್ಪ್ರಿಂಗ್ಸ್ ಅನ್ನುವ ಅಂಗಡಿ ಬೀದಿಗೆ ಪ್ರವೇಶವೂ ಪುಕ್ಕಟೆ, ಪಾರ್ಕಿಂಗೂ ಪುಕ್ಕಟೆ. ದೇವಸ್ಥಾನಕ್ಕೆ ಹೋಗಬೇಕು ಅನ್ನಿಸಿದರೆ ಹತ್ತಿರದ ಊರು ಕ್ಯಾಸಲ್‌ಬೆರಿಯಲ್ಲಿ ಹಿಂದೂ ದೇವಸ್ಥಾನ ಇದೆ.

ಒಂದು ಎಚ್ಚರಿಕೆ. ನಮ್ಮ ಮಕ್ಕಳು ಕೆರೆ ಕಂಡರೆ ಕಾಲು ನೆನೆಸಲು ಓಡುತ್ತಾರೆ. ಫ್ಲೋರಿಡಾದಲ್ಲಿ ಬೇಡವೇ ಬೇಡ. ಮನೆ ಹಿಂದಿನ ಸಣ್ಣ ಕೊಳದಲ್ಲೂ ಮೊಸಳೆ ಜಾತಿಯ ಆಲಿಗೇಟರ್ ಇರಬಹುದು. ಈಜಲು ಬಿಟ್ಟ ಜಾಗದಲ್ಲಿ ಮಾತ್ರ ನೀರಿಗಿಳಿಯಿರಿ. ಮುಸ್ಸಂಜೆ ಹೊತ್ತಲ್ಲಿ ನೀರಿನ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ.

ಹೊರಡುವ ವಾರ, ಬರುವ ರಾತ್ರಿ

ಅಲ್ಲಿ ಕರೆಂಟು 120 ವೋಲ್ಟ್. ಪ್ಲಗ್ ಚಪ್ಪಟೆ ಕಡ್ಡಿಯದು. ಫೋನ್ ಚಾರ್ಜರಿಗೆ ಅಡಾಪ್ಟರ್ ಸಾಕು. ನಮ್ಮ ಮಿಕ್ಸಿ, ನೀರು ಕಾಯಿಸುವ ಕಾಯಿಲ್ ನಡೆಯುವುದಿಲ್ಲ. ಮಾತ್ರೆಗಳನ್ನು ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲಿಡಿ. ಮನೆಯವರೆಲ್ಲರ ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸ್ ಫೋಟೊ ತೆಗೆದು ಎರಡು ಫೋನಿನಲ್ಲಿ ಇಟ್ಟುಕೊಳ್ಳಿ.

ಹಾಸನದಿಂದ ವಿಮಾನ ನಿಲ್ದಾಣಕ್ಕೆ 4 ಗಂಟೆ ಲೆಕ್ಕ ಹಾಕಿ, ಮೇಲೆ ಒಂದು ಗಂಟೆ ಇಟ್ಟುಕೊಳ್ಳಿ. ನೆಲಮಂಗಲದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡಿದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಶಾಲೆ ಶುರುವಾಗುವ 3 ದಿನ ಮೊದಲಾದರೂ ವಾಪಸ್ ಬನ್ನಿ, ಮಕ್ಕಳ ನಿದ್ದೆ ಸರಿಹೋಗಲು ಅಷ್ಟು ಬೇಕು. ಬರುವ ದಿನಕ್ಕೆ ಡ್ರೈವರ್ ಇರುವ ಕಾರನ್ನು ಹೊರಡುವ ಮೊದಲೇ ಗೊತ್ತು ಮಾಡಿ. ಅಥವಾ ದೇವನಹಳ್ಳಿ ಹತ್ತಿರವೇ ರೂಮು ಮಾಡಿ ಮಲಗಿ, ಬೆಳಿಗ್ಗೆ ಹೊರಡಿ. 20 ಗಂಟೆಗೂ ಮೇಲೆ ಪ್ರಯಾಣ ಮಾಡಿ ಇಳಿದವರ ಕಣ್ಣು ಕುಣಿಗಲ್ ದಾಟುವಷ್ಟರಲ್ಲಿ ತಾನಾಗಿ ಮುಚ್ಚುತ್ತದೆ. ಆ ರಾತ್ರಿ ಮನೆಯವರು ಯಾರೂ ಸ್ಟೀರಿಂಗ್ ಹಿಡಿಯಬೇಡಿ.